ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ

ನಾನು ಸಿಟ್ಟಿನ ಹೆಣ್ಣು ಎಂದು ಕಲಘಟಗಿಯ ಅರ್ಧ ಬಜಾರಿಗೆ ಗೊತ್ತು. ಉಳಿದ ಅರ್ಧಕ್ಕೆ ನಮ್ಮ ಚಾಚಾ ಹೇಳಿರುತ್ತಾರೆ. ಆದರೆ ಆ ವಾರ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದೇ ನನಗೆ ತಿಳಿಯಲಿಲ್ಲ. ಅದು ಹೊಟ್ಟೆಯಲ್ಲೇ ಉಳಿಯಿತು, ಇನ್ನೂ ಇದೆ.

ಚಾಚಾ ಎಂದರೆ ಕುತುಬುದ್ದೀನ ಚಾಚಾ, ನಮ್ಮ ಅಬ್ಬಾನ ತಮ್ಮ. ಬಣ್ಣದ ತೊಟ್ಟಿಲು ಮಾಡುತ್ತಾರೆ. ನಮ್ಮದು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಅವರ ಅಂಗಡಿಯ ಮಗ್ಗುಲಲ್ಲೇ ಕರಕುಶಲಗಾರರ ಸಂಘದ ಕಚೇರಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನು, ತಬಸುಮ್. ಬಿಸಿಎ ಓದಿದ್ದೇನೆ, ಆದ್ದರಿಂದ ಫ್ಯಾನ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ.

ಸಂಘದವರು ದೊಡ್ಡ ಊರಿನ ಒಂದು ಕಂಪನಿಗೆ ಹೇಳಿ ವೆಬ್‌ಸೈಟ್ ಮಾಡಿಸಿದರು. ಇನ್ನು ಮೇಲೆ ಆರ್ಡರ್ ಏನಿದ್ದರೂ ಅದರಲ್ಲೇ ಬರಬೇಕು ಎಂದರು. ಗಿರಾಕಿಗಳು ಬದಿಯಿಂದ ಬಂದು ಚೌಕಾಸಿ ಮಾಡಬಾರದೆಂದು ಅಂಗಡಿಗಳ ಫೋನ್ ನಂಬರನ್ನು ಎಲ್ಲ ಕಡೆಯಿಂದ ಅಳಿಸಿದರು. ಮೊದಮೊದಲು ದೂರದ ಪೇಟೆಗಳಿಂದ ಆರ್ಡರ್ ಬಂದವು. ಅವರೆಲ್ಲ ತೊಟ್ಟಿಲನ್ನು ಹಾಲ್‌ನಲ್ಲಿ ಇಟ್ಟು ಅದರೊಳಗೆ ಹೂಕುಂಡ ಜೋಡಿಸುವವರು. ನಮ್ಮ ಸೀಮೆಯವರದು ಮಾತ್ರ ಒಂದೂ ಬರಲಿಲ್ಲ.

"ನಮ್ಮ ಮಂದಿಗೆ ತೊಟ್ಟಿಲ ಬ್ಯಾಡಾತು ಬೇಟಾ," ಎಂದು ಚಾಚಾ ಕುಂಚ ತೊಳೆಯುತ್ತ ಹೇಳುತ್ತಿದ್ದರು. "ಸ್ಟೀಲಿಂದು ತರ್ತಾರ, ಪ್ಲಾಸ್ಟಿಕ್ಕಿಂದು ತರ್ತಾರ. ಕೂಸಿಗೇನು ಗೊತ್ತಾಗ್ತೈತಿ?"

ನಾನೂ ಹಾಗೇ ನಂಬಿದ್ದೆ. ಆಮೇಲೆ ಒಂದು ದಿನ ದೇವಿಕೊಪ್ಪದಿಂದ ಒಬ್ಬರು ಬಸ್ ಹತ್ತಿ ಬಂದು ಕಚೇರಿಯ ಮೇಜಿನ ಮೇಲೆ ಮೊಬೈಲ್ ಇಟ್ಟರು.

"ಇದೇನ್ ಅಂತೈತಿ ನೋಡ್ರಿ ಬಾಯಾರ. ಎಷ್ಟ ಸಲ ಒತ್ತಿದರೂ ಇದನ್ನ ಅಂತೈತಿ."

ಪರದೆಯ ಮೇಲೆ ಬರೆದಿತ್ತು: 'ಕ್ಷಮಿಸಿ, ಏನೋ ತಪ್ಪಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.'

ಅವರಿಗೆ ಅಂಗಡಿ ತೋರಿಸಿ ತೊಟ್ಟಿಲು ಕೊಡಿಸಿ ಕಳಿಸಿದೆ. ಹತ್ತಿರದ ಊರಿನವರು, ಬಂದರು. ಬರಲಾಗದವರು ಎಷ್ಟು ಜನರೋ ಎಂಬ ಹುಳ ತಲೆಯಲ್ಲಿ ಹೊಕ್ಕಿತು. ಕಂಪನಿಗೆ ಕೇಳಿದರೆ, ನಮ್ಮಲ್ಲಿ ಎಲ್ಲ ಸರಿ ಇದೆ ಎಂದರು. ಹಾಗಾದರೆ ನನಗೆ ಲಾಗ್ ಫೈಲ್ ತೋರಿಸಿ ಎಂದೆ. ವೆಬ್‌ಸೈಟು ತನ್ನ ಬಳಿ ಯಾರು ಬಂದರು, ಏನು ಕೇಳಿದರು, ತಾನು ಎಲ್ಲಿ ಮುಗ್ಗರಿಸಿದೆ ಎಂಬುದನ್ನೆಲ್ಲ ಸಾಲು ಸಾಲಾಗಿ ತಾನೇ ಬರೆದಿಡುವ ಕಡತ ಅದು. ಕೊಡಲು ಆಗುವುದಿಲ್ಲ ಎಂದರು. ನಾನು ಬಿಡುವವಳಲ್ಲ. ದಿನಾ ಫೋನ್ ಮಾಡಿ ತಲೆ ತಿಂದೆ. ಕೊನೆಗೆ ಬೇಸತ್ತು, ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ ಎಂಬ ಷರತ್ತಿನ ಮೇಲೆ ಒಂದು ಬುಧವಾರ ಕೊಟ್ಟರು.

ತೆರೆದು ನೋಡಿದೆ. ತಪ್ಪು, ತಪ್ಪು, ತಪ್ಪು. ಪುಟಗಟ್ಟಲೆ. ಪ್ರತಿಯೊಂದರ ಕಾರಣವೂ ಒಂದೇ: ಮಗುವಿನ ಹೆಸರಿನ ಕಾಲಂ ಖಾಲಿ.

ತೊಟ್ಟಿಲಿನ ತಲೆಪಟ್ಟಿಯ ಮೇಲೆ ಮಗುವಿನ ಹೆಸರು ಬರೆದು ಕೊಡುವುದು ಕಂಪನಿಯವರ ಕಲ್ಪನೆ. ಪೇಟೆಯವರಿಗೆ ಇಷ್ಟವಾಯಿತು, ಹೂಕುಂಡ ಇಡುವವರೂ ತಮ್ಮ ಮಕ್ಕಳ ಹೆಸರು ಬರೆಸಿದರು. ಹೆಸರು ಬರೆಯದವರೂ ಇರುತ್ತಾರೆಂದು ಪ್ರೋಗ್ರಾಂ ಬರೆದವರಿಗೆ ಹೊಳೆಯಲಿಲ್ಲ, ಖಾಲಿ ಬಿಟ್ಟರೆ ಅದು ಅಲ್ಲೇ ಮಗುಚಿಕೊಳ್ಳುತ್ತಿತ್ತು. ಆದರೆ ನಮ್ಮ ಕಡೆ ಹೆಸರು ಮೊದಲೇ ಎಲ್ಲಿರುತ್ತದೆ? ತವರಿನವರು ತೊಟ್ಟಿಲು ತರಬೇಕು, ಕೂಸನ್ನು ಅದರಲ್ಲಿ ಹಾಕಬೇಕು, ಕಿವಿಯಲ್ಲಿ ಹೆಸರು ಕೂಗಬೇಕು. ತೊಟ್ಟಿಲು ಬರುವ ತನಕ ಕೂಸಿಗೆ ಹೆಸರಿಲ್ಲ. ಹೆಸರು ಬರೆಯುವ ತನಕ ಈ ಪುಣ್ಯಾತ್ಮರು ತೊಟ್ಟಿಲು ಕೊಡುವುದಿಲ್ಲ.

ಒಂದೊಂದು ತಪ್ಪಿನ ಕೆಳಗೂ ಆ ಗಿರಾಕಿ ತುಂಬಿದ್ದು ಅಚ್ಚಾಗಿತ್ತು. ಫೋನ್ ನಂಬರು, ಹೆಸರು, ವಿಳಾಸದ ಜಾಗದಲ್ಲಿ ಬರೀ ಚುಕ್ಕಿಗಳು. ಪಿನ್ ಕೋಡ್ ಮಾತ್ರ ಕಾಣುತ್ತಿತ್ತು. ಕೊನೆಗೆ 'ವಿಶೇಷ ಸೂಚನೆ' ಎಂಬ ಕಾಲಂ, ಅದರಲ್ಲಿ ಯು, ಸೊನ್ನೆ, ಸಿ, ಎ, ನಾಲ್ಕು ಎಂದು ಶುರುವಾಗಿ ಮುಗಿಯದ ಗಜಿಬಿಜಿ. ಕಂಪನಿಯವರು ಇದನ್ನು ಕಸ ಎಂದುಕೊಂಡಿರಬೇಕು. ಅದು ಕನ್ನಡ ಅಕ್ಷರಗಳ ಸಂಕೇತ. ಒಂದನ್ನು ನಕಲು ಮಾಡಿ ಬಿಡಿಸಿದೆ.

'ತಲಿ ಕಡೆ ಗಿಳಿ ಬರೀರಿ ಬಣ್ಣ ಹಸಿರ ಬ್ಯಾಡ ಕೆಂಪ ಮಾಡ್ರಿ.'

ಯಾರೋ ಮೊಬೈಲಿಗೆ ಬಾಯಿಂದ ಹೇಳಿ ಬರೆಸಿದ್ದು. ಹೆಂಗಸೆಂದು ಗೊತ್ತಾಗುತ್ತಿತ್ತು. ಪಿನ್ ಕೋಡ್ ಗುಡಗೇರಿಯದು. ಕುಂದಗೋಳ ತಾಲೂಕು, ನಮ್ಮಿಂದ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಮತ್ತೆ ರೈಲು ಹಿಡಿಯಬೇಕು. ಅದೇ ಪಿನ್ ಕೋಡಿನಿಂದ, ಅದೇ ದನಿಯಲ್ಲಿ, ಕೆಳಗೆ ಇನ್ನೊಂದು ಇತ್ತು.

'ಹೆಸರ ಇನ್ನೂ ಇಟ್ಟಿಲ್ರಿ ತೊಟ್ಟಿಲದಾಗ ಹಾಕಿದ ಮ್ಯಾಲ ಇಡ್ತೀವಿ ನೀವ ತಿಳಕೋರಿ.'

ಆಮೇಲೆ ಇನ್ನೊಂದು.

'ಬರೂ ಸೋಮವಾರ ತೊಟ್ಟಿಲದಾಗ ಹಾಕ್ತೀವಿ ಅಷ್ಟರಾಗ ಮುಟ್ಟಬೇಕ್ರಿ ಸ್ವಲ್ಪ ಸಮಯ ಅಂದೀರಿ ತಡದೀನಿ.'

ಆ ಪರದೆಯ ಮೇಲಿನ ಮಾತನ್ನು ಈಕೆ ಯಾರೋ ಕೊಟ್ಟ ಮಾತೆಂದು ತಿಳಿದಿದ್ದಳು. ಸ್ವಲ್ಪ ಸಮಯ ಎಂದರಲ್ಲ, ಆಯಿತು ಎಂದು ಕಾಯುತ್ತಿದ್ದಳು. ಆ ಕಾಲಂನ ಆ ಕಡೆ ಯಾರೋ ಕೂತು ಓದುತ್ತಾರೆ ಎಂಬ ನಂಬಿಕೆ ಅವಳಿಗೆ. ನಿಜವಾಗಿಯೂ ಕೂತಿದ್ದೆ, ಓದುತ್ತಲೂ ಇದ್ದೆ. ಹ್ಞೂಂ ಅನ್ನಲು ಮಾತ್ರ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಂಪನಿಗೆ ಫೋನ್ ಹಚ್ಚಿದೆ. ಎತ್ತಿದವನು ಕಾಶಿನಾಥ ಎಂಬಾತ, ದೂರು ಕೇಳುವ ಕೆಲಸದವನು. ಅಣ್ಣಿಗೇರಿಯ ಹುಡುಗ, ಅಷ್ಟರಮಟ್ಟಿಗೆ ನನ್ನ ಅದೃಷ್ಟ.

"ಆಕಿ ಫೋನ್ ನಂಬರ್ ಕೊಡ್ರಿ ಸಾಕು. ಮುಂದಿಂದ ನಾ ನೋಡ್ಕೋತೀನಿ," ಎಂದೆ.

"ನಮ್ಮ ಹಂತ್ಯಾಕೂ ಇಲ್ರಿ ಮೇಡಮ್. ಆರ್ಡರ್ ಆದ್ರಷ್ಟ ನಂಬರ್ ಒಳಗ ಕೂಡ್ತೈತಿ. ಇವು ಆಗಲಾರದ ಆರ್ಡರ್. ಲಾಗಿನಾಗ ಚುಕ್ಕಿ ಬರೀತೈತಿ, ಆ ಚುಕ್ಕಿ ಹಿಂದ ಏನೂ ಇಲ್ಲ."

"ಹಂಗಾರ ಆ ಹೆಸರಿನ ಕಾಲಂ ಕಿತ್ತು ಒಗೀರಿ. ಕೂಸಿಗೆ ಹೆಸರು ಮೊದಲ ಇಡ್ತಾರೇನು?"

"ಗೊತ್ತೈತ್ರಿ. ನಮ್ಮ ಅಕ್ಕನ ಕೂಸಿಗೂ ತೊಟ್ಟಿಲದಾಗ ಹಾಕಿದ ಮ್ಯಾಲ ಹೆಸರಿಟ್ವಿ. ಮ್ಯಾಲಿನವ್ರಿಗೆ ಬರೀತೀನಿ. ಅವ್ರಿಗೆ ತಿಳಿಬೇಕಲ್ರಿ."

ಅವನನ್ನು ಬೈದೆ. ಬೈದು ಮುಗಿಸಿದ ಮೇಲೆ, ಅವನೂ ನನ್ನ ಹಾಗೆಯೇ ಕಿಟಕಿಯ ಹೊರಗೆ ನಿಂತವನು ಎಂದು ಹೊಳೆದು ಇನ್ನಷ್ಟು ಬೇಜಾರಾಯಿತು.

ಚಾಚಾನಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಅಟ್ಟದ ಮೇಲಿದ್ದ ಒಂದು ಹೊಸ ತೊಟ್ಟಿಲಿನ ತುಂಡುಗಳನ್ನು ಇಳಿಸಿಕೊಂಡರು. ಕೆಂಪು ಬಣ್ಣ ಕಲಸಿದರು.

"ಆರ್ಡರ್ ಇಲ್ಲ ಚಾಚಾ," ಎಂದೆ.

"ಆರ್ಡರ್ ಮತ್ತ ಹೆಂಗಿರ್ತೈತಿ? ಗಿಳಿ ಬರೀರಿ, ಕೆಂಪ ಮಾಡ್ರಿ ಅಂದಾಳಲ್ಲ," ಎಂದರು.

ಅಂದು ಸಂಜೆಯ ಹೊತ್ತಿಗೆ ಲಾಗಿನಲ್ಲಿ ಅವಳದು ಮತ್ತೆರಡು ಬಂದಿದ್ದವು.

'ಬಾಣಂತಿ ಬಿಟ್ಟ ಬರಂಗಿಲ್ರಿ ನಾನು ಮನ್ಯಾಗ ನಮ್ಮತ್ತಿ ಒಬ್ಬಾಕಿ ಹಣ್ಣಾಗ್ಯಾಳ ರೈಲ ಬಂದಾಗೊಮ್ಮೆ ಕೂಸ ಬೆಚ್ಚಿ ಬೀಳ್ತೈತಿ ಗಟ್ಟಿ ತೊಟ್ಟಿಲ ಬೇಕ್ರಿ.'

'ಹೆಸರ ಮುಂಚೆ ಹೇಳಂಗಿಲ್ರಿ ನಮಗ ಒಮ್ಮೆ ಪೆಟ್ಟ ಬಿದ್ದೈತಿ ಒತ್ತಾಯ ಮಾಡಬ್ಯಾಡ್ರಿ.'

ರೈಲು ಬಂದರೆ ಬೆಚ್ಚುತ್ತದೆ ಎಂದರೆ ಮನೆ ಸ್ಟೇಷನ್ನಿನ ಹತ್ತಿರ. ಇಷ್ಟು ಸಿಕ್ಕಿತಲ್ಲ, ಇನ್ನೇನು ಬೇಕು ಎಂದುಕೊಂಡೆ. ಶುಕ್ರವಾರ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿ ಗುಡಗೇರಿಯಲ್ಲಿ ಇಳಿದೆ.

ಅವತ್ತು ಅಲ್ಲಿ ಸಂತೆ. ಮೆಣಸಿನಕಾಯಿ ಮಾರುವವಳನ್ನು ಕೇಳಿದೆ, ಕಿರಾಣಿಯವನನ್ನು ಕೇಳಿದೆ: ಸ್ಟೇಷನ್ ಕಡೆ ಯಾರ ಮನೆಯಲ್ಲಿ ಹಸುಗೂಸು ಇದೆ? ಎಲ್ಲರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಊರಿನವಳೋ, ಬರಿಗೈಯಲ್ಲಿ ಬಂದು, ಹಸುಗೂಸು ಎಲ್ಲಿದೆ ಎಂದು ಕೇಳುತ್ತಾಳೆ. ನನ್ನನ್ನೇ ಯಾರಾದರೂ ಹಾಗೆ ಕೇಳಿದರೆ ನಾನು ಏನು ಹೇಳುತ್ತಿದ್ದೆ? ಯಾರ ಮನೆಯಲ್ಲೂ ಇಲ್ಲ ಎನ್ನುತ್ತಿದ್ದೆ. ಅವರೂ ಹಾಗೇ ಹೇಳಿದರು.

ಸ್ಟೇಷನ್ನಿನ ಬದಿಯ ಓಣಿಗಳಲ್ಲಿ ಅಡ್ಡಾಡಿದೆ. ಹಿಟ್ಟಿನ ಗಿರಣಿಯ ಹಿಂದೆ ಒಂದು ಮನೆಯ ಮುಂದೆ ಹೋಗುವಾಗ ಲೋಬಾನದ ಹೊಗೆಯ ವಾಸನೆ ಬಂತು. ಕೂಸಿಗೆ ಎರೆದು ಹೊಗೆ ಹಾಕುವ ಹೊತ್ತು. ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡ ಒಬ್ಬ ಮುದುಕಿ ಹತ್ತಿ ಹೊಸೆಯುತ್ತ ಕೂತಿದ್ದಳು.

"ಅಮ್ಮಾ, ಮನ್ಯಾಗ ಕೂಸು ಐತೇನ್ರಿ?"

"ಇಲ್ಲ."

"ಹೊಗಿ ವಾಸನಿ ಬರಾಕತ್ತೈತಲ್ರಿ."

"ಸೊಳ್ಳಿಗೆ ಹಾಕೀವಿ."

"ನಾ ಕಲಘಟಗಿಯಿಂದ ಬಂದೀನ್ರಿ. ತೊಟ್ಟಿಲ ಏನರ ಹೇಳಿದ್ರೇನ್ರಿ ನೀವು?"

ಮುದುಕಿಯ ಕೈ ನಿಂತಿತು. ಬತ್ತಿಯನ್ನು ಬುಟ್ಟಿಗೆ ಹಾಕಿ ಎದ್ದಳು. "ತೊಟ್ಟಿಲದ ಮಾತು ಈ ಮನಿ ಮುಂದ ತಗೀಬ್ಯಾಡ. ಇಲ್ಲಿ ಕೂಸೂ ಇಲ್ಲ, ತೊಟ್ಟಿಲೂ ಬ್ಯಾಡ. ಹೋಗ್ ನೀ."

ನನ್ನ ನಂಬರ್ ಬರೆದ ಚೀಟಿ ಚಾಚಿದೆ. ಕೈ ನೀಡಲಿಲ್ಲ. ಕಟ್ಟೆಯ ತುದಿಯಲ್ಲಿ ಒಂದು ಕಲ್ಲಿನ ಕೆಳಗೆ ಇಟ್ಟು ಹೊರಟೆ. ಓಣಿಯ ತಿರುವಿನಲ್ಲಿ ನಿಂತು ಕಿವಿಗೊಟ್ಟೆ, ಒಂದು ಸಲ ಅತ್ತರೆ ಸಾಕಿತ್ತು. ಅಳಲಿಲ್ಲ. ರೈಲೂ ಬರಲಿಲ್ಲ. ಒಳಗೆ ನುಗ್ಗಿ ನೋಡುವ ಧೈರ್ಯ ನನಗಿರಲಿಲ್ಲ, ಹಕ್ಕು ಮೊದಲೇ ಇರಲಿಲ್ಲ. ಇನ್ನೂ ಎರಡು ಓಣಿ ತಿರುಗಿ ಸುಸ್ತಾಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಬಜಾರದಲ್ಲಿ ಎಲ್ಲರನ್ನೂ ಹೆದರಿಸುವ ನಾನು ಅಲ್ಲಿ ಕೂತು ಅತ್ತೆ. ಅವಳು ಇದ್ದ ಊರಲ್ಲೇ ಇದ್ದೆ, ಅವಳ ಮಾತೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು, ಅವಳ ಹೆಸರು ಗೊತ್ತಿರಲಿಲ್ಲ.

ಶನಿವಾರ ಕಾಶಿನಾಥನ ಫೋನ್ ಬಂತು.

"ಸರಿ ಆತ್ರಿ ಮೇಡಮ್. ಇನ್ನ ಮ್ಯಾಲ ಆ ತಪ್ಪು ಬರಂಗಿಲ್ಲ."

ನನಗೆ ಎದ್ದು ಕುಣಿಯಬೇಕೆನ್ನಿಸಿತು. "ಕಾಲಂ ತಗದ್ರೇನ್ರಿ?"

"ಇಲ್ರಿ," ಎಂದ. ದನಿ ಸಣ್ಣದಾಯಿತು. "ಮಗುವಿನ ಹೆಸರು ಕಡ್ಡಾಯ ಅಂತ ಕೆಂಪಕ್ಷರದಾಗ ತೋರಸ್ತೈತಿ. ಬರೀತನಕ ಕಳಸೂ ಗುಂಡಿ ಒತ್ತಾಕ ಬರಂಗಿಲ್ಲ. ಮ್ಯಾಲಿನವ್ರು ಹಿಂಗ ಮಾಡ್ರಿ ಅಂದ್ರು."

ಮೊದಲು ಅರ್ಥವಾಗಲಿಲ್ಲ. ಲಾಗ್ ತೆರೆದೆ. ಸ್ವಚ್ಛವಾಗಿತ್ತು, ತೊಳೆದ ತಟ್ಟೆಯ ಹಾಗೆ. ಆಗ ತಿಳಿಯಿತು. ಮುಂಚೆ ಅವಳು ಗುಂಡಿ ಒತ್ತಿದರೆ ಮಾತು ನಮ್ಮ ತನಕ ಬಂದು ಇಲ್ಲಿ ಬೀಳುತ್ತಿತ್ತು, ಬಿದ್ದದ್ದು ಲಾಗಿನಲ್ಲಿ ಉಳಿಯುತ್ತಿತ್ತು. ಈಗ ಅವಳ ಮೊಬೈಲೇ ಅವಳನ್ನು ತಡೆಯುತ್ತಿತ್ತು. ಅವಳು ಏನು ಹೇಳಿದರೂ ಗುಡಗೇರಿ ದಾಟುತ್ತಿರಲಿಲ್ಲ. ಕಂಪನಿಯವರ ಲೆಕ್ಕದಲ್ಲಿ ತಪ್ಪು ಸೊನ್ನೆ.

ಇದ್ದ ಒಂದು ಕಿಂಡಿಯನ್ನೂ ನಾನೇ ತಲೆ ತಿಂದು ಮುಚ್ಚಿಸಿದ್ದೆ.

ಭಾನುವಾರ ಕಚೇರಿಯ ಬೀಗ ತೆಗೆದು ಕೂತೆ. ಏನೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಚಾಚಾ ತೊಟ್ಟಿಲು ಜೋಡಿಸಿ ಮುಗಿಸಿದರು. ನಾನು ಹುಟ್ಟಿದಾಗಿನಿಂದ ಅವರ ತೊಟ್ಟಿಲು ನೋಡಿದವಳು, ಅಂಥದ್ದನ್ನು ನೋಡಿರಲಿಲ್ಲ. ಕೆಂಪಿನ ಮೇಲೆ ಹೂಬಳ್ಳಿ, ತಲೆಯ ಕಡೆ ಎರಡು ಗಿಳಿ. ಗಿಳಿಗಳ ನಡುವಿನ ಪಟ್ಟಿಯನ್ನು ಖಾಲಿ ಬಿಟ್ಟಿದ್ದರು.

"ಅಕಿ ಬಂದ ಹೇಳಿದ ಮ್ಯಾಲ ಬರದ್ರಾತು," ಎಂದರು.

ಮಧ್ಯಾಹ್ನ ಮೀರಿತು. ಈಗ ಕೂಸನ್ನು ಹಾಕುತ್ತಿರಬೇಕು ಎಂದುಕೊಂಡೆ. ಯಾವುದರಲ್ಲಿ ಎಂದು ಯೋಚಿಸಲು ಹೋಗಲಿಲ್ಲ. ಚಾಚಾ ಊಟಕ್ಕೆ ಕರೆದರೂ ಏಳಲಿಲ್ಲ.

ಮಂಗಳವಾರ ಬೆಳಿಗ್ಗೆ ಕಂಪ್ಯೂಟರ್ ಟಿಣ್ ಎಂದಿತು. ಹೊಸ ಆರ್ಡರ್ ಬಂದಾಗ ಆಗುವ ಸದ್ದು. ಚಾಚಾ ಕುಂಚ ಹಿಡಿದೇ ಬಾಗಿಲಿಗೆ ಬಂದರು.

ಆರ್ಡರ್ ಒಪ್ಪಿಕೊಂಡಿತ್ತು. ಚುಕ್ಕಿಗಳ ಜಾಗದಲ್ಲಿ ಅಕ್ಷರಗಳಿದ್ದವು. ಗುರವ್ವ. ಗುಡಗೇರಿ, ಸ್ಟೇಷನ್ ಬಾಜು, ಹಿಟ್ಟಿನ ಗಿರಣಿ ಹಿಂದಿನ ಮನೆ. ಮಗುವಿನ ಹೆಸರು: ಮೈಲಾರಿ. ಕೆಳಗೆ ವಿಶೇಷ ಸೂಚನೆ: 'ಹೆಸರ ಇಟ್ವಿರಿ ಮೈಲಾರಿ ಅಂತ ತೊಟ್ಟಿಲ ಬ್ಯಾಡ.'

ಹಿಟ್ಟಿನ ಗಿರಣಿಯ ಹಿಂದೆ. ಲೋಬಾನದ ಹೊಗೆ. ನಾನು ಚೀಟಿ ಇಟ್ಟು ಬಂದ ಮನೆಯೇ ಅದು. ಆರ್ಡರಿನಲ್ಲಿದ್ದ ನಂಬರ್ ಒತ್ತಿದೆ.

"ಯಾರು?" ಎಂದಿತು ಆ ದನಿ. ಎಂದೂ ಕೇಳಿರದಿದ್ದರೂ ನನಗೆ ಗುರುತಿನ ದನಿ.

"ಗುರವ್ವಾರ, ನಾ ಕಲಘಟಗಿಯಿಂದ, ತೊಟ್ಟಿಲ ಸಂಘದಿಂದ ಮಾತಾಡಾಕತ್ತೀನ್ರಿ."

"ಹ್ಞಾಂ, ನೀವಾ? ಹೆಸರ ಮುಟ್ಟಿತೇನ್ರಿ? ಕೆಂಪಕ್ಷರದಾಗ ಹೆಸರು ಹೆಸರು ಅಂತ ಅಷ್ಟ ಕೇಳಾಕತ್ತಿದ್ರಿ. ಇಡೂತನಾ ಹೇಳಂಗಿರಲಿಲ್ಲ. ಈಗ ಇಟ್ಟೀವಲ್ಲ, ಅದಕ್ಕ ಹೇಳಿದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಏನರ ಒಂದು ಬರದು ಕಳಸಬೇಕಿತ್ತಲ್ರಿ ಗುರವ್ವಾರ."

"ಸುಳ್ಳ ಹೆಸರು ತೊಟ್ಟಿಲ ಮ್ಯಾಲ ಬರಸ್ಲೇನವ್ವ? ಕೂಸಿಂದು ಅದು."

"ಶುಕ್ರವಾರ ನಾ ನಿಮ್ಮನಿಗೆ ಬಂದಿದ್ದೆರಿ. ಕಟ್ಟಿ ಮ್ಯಾಲ ಅಮ್ಮಾರು ಕುಂತಿದ್ರು."

"ಅಕಿ ನೀನಾ?" ಎಂದಳು. ದನಿ ಮೆತ್ತಗಾಯಿತು. "ನಮ್ಮತ್ತಿ, ಮಲ್ಲಮ್ಮ. ಯಾರೋ ಬಂದು ಕೂಸಿನ್ನ ಕೇಳಿದ್ಲು, ಇಲ್ಲಂತ ಹೇಳಿ ಕಳಿಸೀನಿ ಅಂದ್ಲು. ಚೀಟಿ ಒಲಿಗೆ ಹಾಕ್ಯಾಳ. ಫೋನಿನಾಗ ನಾ ತೊಟ್ಟಿಲ ಹೇಳಿದ್ದು ಅಕಿಗೆ ಗೊತ್ತಿರಲಿಲ್ಲವ್ವ. ಅಂಜ್ಯಾಳ. ಹೋದ ಸಲ ಮಗಳಿಗೆ ಕೂಸು ಹುಟ್ಟೂಕಿಂತ ಮೊದಲ ತೊಟ್ಟಿಲ ತಂದಿದ್ವಿ, ನಿಮ್ಮೂರಿಂದಾನ. ಹೆಸರೂ ಯೋಚನಿ ಮಾಡಿ ಕರೀಯಾಕತ್ತಿದ್ವಿ. ಕೂಸು ಉಳೀಲಿಲ್ಲ. ತೊಟ್ಟಿಲ ಒಯ್ದು ಗುಡಿಗೆ ಕೊಟ್ವಿ."

"ತೊಟ್ಟಿಲ ತಯಾರ ಐತ್ರಿ," ಎಂದೆ ಅವಸರದಿಂದ. "ಕೆಂಪಂದು, ಗಿಳಿ ಬರದಾರ. ಇವತ್ತ ನಾನ ಹೊತಗೊಂಡ ಬರ್ತೀನಿ. ರೊಕ್ಕ ಬ್ಯಾಡ, ಏನೂ ಬ್ಯಾಡ."

"ಬ್ಯಾಡವ್ವ ತಂಗಿ. ನಿನ್ನೆ ಬೀಗರು ಬಂದ್ರು. ತವರಮನಿ ತೊಟ್ಟಿಲದಾಗ ಹಾಕಿದ್ರ ಹೌದು, ಮಂದೀದು ನಡಿಯಂಗಿಲ್ಲ ಅಂದ್ರು. ಸ್ವಲ್ಪ ತಡೀರಿ, ಕಲಘಟಗಿಯವ್ರು ಕಳಸ್ತಾರ ಅಂತ ನಾನೂ ಹೊತ್ತು ಇಳಿಯೂತನಾ ತಡದೆ. ನಮ್ಮದು ಅಂತ ಇದ್ದದ್ದು ಅದೊಂದ. ಗುಡಿಯಿಂದ ಅದನ್ನ ತಂದು ಹಾಕಿದ್ವಿ."

"ಹಸರಂದು," ಎಂದೆ. 'ಹಸಿರ ಬ್ಯಾಡ' ಎಂದು ಅವಳು ಬರೆಸಿದ್ದು ನೆನಪಾಗಿ ಬಾಯಿಂದ ಬಂತು.

"ಹೌದವ್ವ, ಹಸರಂದು. ಹೆಸರಿಟ್ಟ ತೊಟ್ಟಿಲ ಬಿಡಸಬಾರದು ಅಂತಾಳ ಅತ್ತಿ. ಕೂಸು ತಾನ ಇಳದು ಅಂಬೆಗಾಲ ಇಡೂತನಾ ಅದರಾಗ ಮಲಗಬೇಕು."

"ಕೂಸು ಆರಾಮ ಐತ್ರಿ?"

"ಐತವ್ವ. ಮಲಕ್ಕೊಂಡೈತಿ. ಶೈಲಾ ಮಲಗವಲ್ಲಳು, ನನ್ನ ಮಗಳು. ನಿನ್ನೆಯಿಂದ ತೊಟ್ಟಿಲ ಬಾಜು ಕುಂತಾಳ. ಕೂಸಿನ ಎದಿ ಮ್ಯಾಲ ಕೈ ಇಟ್ಟು, ಏಳತೈತಿ ಇಳೀತೈತಿ ನೋಡ್ಕೋತ ಕುಂತಾಳ. ತಗೀ ಅಂದ್ರ ತಗೀವಲ್ಲಳು."

ಆಗ ಆ ಕಡೆ ರೈಲು ಬಂತು. ಅದರ ಸದ್ದಿನೊಳಗೆ ಒಂದು ಕೂಸು ಬೆಚ್ಚಿ ಅತ್ತಿತು. ಶುಕ್ರವಾರ ಓಣಿಯ ತಿರುವಿನಲ್ಲಿ ನಿಂತು ನಾನು ಕಾದ ಅಳು ಅದು. "ಬರ್ತೀನವ್ವ," ಎಂದು ಗುರವ್ವ ಫೋನ್ ಇಟ್ಟಳು.

ಚಾಚಾ ಬಾಗಿಲಲ್ಲೇ ನಿಂತಿದ್ದರು. ಕುಂಚದ ತುದಿಯಲ್ಲಿ ಬಿಳಿ ಬಣ್ಣ ಅದ್ದಿಕೊಂಡಿದ್ದರು, ಹೆಸರು ಬರೆಯಲು.

"ಏನಂತ ಬರೀಲಿ ಬೇಟಾ?"

ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಹಸಿರು ತೊಟ್ಟಿಲಿನ ಮಾತು ಬಂದಾಗ ಒಮ್ಮೆ ತಲೆ ಎತ್ತಿ, ಯಾವ ವರ್ಷದ್ದು ಎಂದು ಕೇಳಲು ಬಾಯಿ ತೆರೆದು, ಕೇಳದೆ ಸುಮ್ಮನಾದರು. ಅಂಗಡಿಗೆ ಹೋಗಿ ಕುಂಚ ತೊಳೆದರು. ಕೆಂಪು ತೊಟ್ಟಿಲಿನ ಮೇಲೆ ಹಳೆಯ ಚಾದರ ಹೊದಿಸಿದರು.

ಕಂಪ್ಯೂಟರು ತಾನಾಗಿಯೇ ಗುರವ್ವನಿಗೆ ಒಂದು ಸಂದೇಶ ಕಳಿಸಿತ್ತು: 'ಅಭಿನಂದನೆಗಳು, ನಿಮ್ಮ ತೊಟ್ಟಿಲು ಶೀಘ್ರದಲ್ಲೇ ನಿಮ್ಮನ್ನು ತಲುಪಲಿದೆ.' ಅದನ್ನು ತಡೆಯಲು ನನಗೆ ಅಧಿಕಾರವಿರಲಿಲ್ಲ. ಲಾಗ್ ತೆರೆದೆ. ಅವತ್ತು ಅದರಲ್ಲಿ ಒಂದೇ ಸಾಲಿತ್ತು, ಅದರಲ್ಲಿ ಯಾವ ತಪ್ಪೂ ಇರಲಿಲ್ಲ.